ಸಾಕೇ?

ದೀಪಾವಳಿಯ ಪಾಡ್ಯ ಮುಗಿದ ಮರುದಿನ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ಎಂಟನೆಯ ಇಯತ್ತೆಯಿಂದ ಹತ್ತನೆಯವರೆಗೆ ನನ್ನ ಕೈಯಲ್ಲಿ ಕನ್ನಡ ಕಲಿತವನು. ಪಾಲಬಾವಿಯಿಂದ ರಾಯಬಾಗದ ಬಸ್ಸು ಹತ್ತುವಾಗ ಕಿಟಕಿಯ ಸೀಟಿಗಾಗಿ ಗೆಳೆಯರೊಂದಿಗೆ ಜಗಳಾಡುತ್ತಿದ್ದ ಹುಡುಗ ಈಗ ಜಪಾನಿನ ಕೋಬೆ ಎಂಬ ಊರಿನಲ್ಲಿ ಇಂಜಿನಿಯರ್. ಕಾಲಿಗೆ ನಮಸ್ಕಾರ ಮಾಡಿ, ಊರು ಕೇರಿಯ ಸುದ್ದಿಯೆಲ್ಲ ಮುಗಿದ ಮೇಲೆ, ಚೀಲದಿಂದ ಎರಡು ಪೊಟ್ಟಣ ತೆಗೆದು ನನ್ನ ಮುಂದೆ ಇಟ್ಟ. ಒಂದರಲ್ಲಿ ನೀಲಿ ಗೆರೆಯ ಪಿಂಗಾಣಿಯ ಪುಟ್ಟ ಗಿಂಡಿ, ಅದರ ಜೊತೆ ಎರಡು ಬಟ್ಟಲು. ಬಟ್ಟಲುಗಳು ಎಷ್ಟು ಸಣ್ಣವು ಅಂತೀರಿ! ನಮ್ಮ ದೇವರ ಜಗಲಿಯ ಮೇಲಿನ ಕುಂಕುಮದ ಬಟ್ಟಲಿಗಿಂತ ಒಂದು ಬೆರಳು ದೊಡ್ಡವು, ಅಷ್ಟೆ. ಇನ್ನೊಂದು ಪೊಟ್ಟಣದಲ್ಲಿ ಕಾಗದ ಸುತ್ತಿದ ಉದ್ದನೆಯ ಬಾಟಲಿ.

“ಏನಪ್ಪಾ ಇದು, ಅತ್ತರೇನು?” ಎಂದೆ.

“ಸಕೆ ರೀ, ಅಕ್ಕೋರ.”

ನನ್ನ ಕಿವಿಗೆ ಅದು ‘ಸಾಕೇ’ ಎಂದು ಕೇಳಿಸಿತು. “ಸಾಕೋ ಮಾರಾಯಾ, ಇಷ್ಟೆಲ್ಲಾ ಯಾಕ ತರಾಕ ಹೋಗಿದ್ದಿ?” ಎಂದುಬಿಟ್ಟೆ. ಅವನು ಹೊಟ್ಟೆ ಹಿಡಿದು ನಕ್ಕ. ನಗು ನಿಂತ ಮೇಲೆ ತುಸು ತಡವರಿಸುತ್ತ ಬಿಡಿಸಿ ಹೇಳಿದ. ಅದು ಅಕ್ಕಿಯಿಂದ ಮಾಡುವ ಜಪಾನಿನ ಮದ್ಯವಂತೆ. ಅಲ್ಲಿ ಮದುವೆಗೆ, ಹೊಸ ವರ್ಷಕ್ಕೆ, ದೇವರ ನೈವೇದ್ಯಕ್ಕೆ ಅದೇ ಬೇಕಂತೆ. ಮಾನ್ಯರಾದವರಿಗೆ ಕಾಣಿಕೆ ಕೊಡುವುದಾದರೆ ಅದಕ್ಕಿಂತ ಮೇಲಾದದ್ದು ಇಲ್ಲವಂತೆ. “ನೀವು ಕುಡೀತೀರಿ ಅಂತ ತಂದಿಲ್ರಿ. ಆ ಊರಾಗ ಎಲ್ಲಾಕ್ಕಿಂತ ಚಲೋ ಏನೈತಿ, ಅದನ್ನ ನಿಮ್ಮ ಮುಂದ ಇಡಬೇಕ ಅನಿಸಿತ್ರಿ.”

ಬಾಟಲಿಯ ಮೇಲಿದ್ದ ನನ್ನ ಕೈ ತಾನಾಗಿಯೇ ಹಿಂದಕ್ಕೆ ಬಂತು. ಒಳಗೆ ಅಡಿಗೆಮನೆಯಲ್ಲಿ ನನ್ನ ತಮ್ಮನ ಹೆಂಡತಿ ಚಹಾ ಸೋಸುತ್ತಿದ್ದಳು. ನನ್ನ ತಮ್ಮ 2011ರಲ್ಲಿ ತೀರಿಕೊಂಡ. ಮೂವತ್ತೆಂಟು ವಯಸ್ಸು. ಯಾತರಿಂದ ಎಂದು ಊರಿನಲ್ಲಿ ಯಾರೂ ಕೇಳಲಿಲ್ಲ, ಎಲ್ಲರಿಗೂ ಗೊತ್ತಿತ್ತು. ಹೊಟ್ಟೆ ಊದಿ, ಕಣ್ಣು ಅರಿಷಿಣವಾಗಿ, ಆಸ್ಪತ್ರೆಯಲ್ಲಿ ಇಪ್ಪತ್ತೆರಡು ದಿನ.

ನಾನು ಹುಡುಗನನ್ನು ಕೇಳಿದೆ: “ದಿನಾ ಕುಡೀತಿಯೇನು?”

ಅವನು ನನ್ನನ್ನು ನೋಡಿದ ರೀತಿ ಇಂದಿಗೂ ಕಣ್ಣ ಮುಂದಿದೆ. ಒಂಬತ್ತನೆಯ ಇಯತ್ತೆಯಲ್ಲಿ ಒಂದು ನಿಬಂಧ ಬಹಳ ಚೆನ್ನಾಗಿ ಬರೆದು ತಂದಿದ್ದ. “ಯಾವ ಪುಸ್ತಕದಾಗಿಂದ ಇಳಿಸಿ?” ಎಂದು ನಾನು ಇಡೀ ವರ್ಗದ ಮುಂದೆ ಕೇಳಿದ್ದೆ. ಅದು ಅವನದೇ ಬರವಣಿಗೆಯಾಗಿತ್ತು. ಆಗಲೂ ಹೀಗೇ ನೋಡಿದ್ದ.

“ಶನಿವಾರ ಒಮ್ಮೊಮ್ಮೆ ರೀ. ನಾನು, ನನ್ನ ಹೆಂಡ್ತಿ. ಎರಡ ಬಟ್ಟಲಾ, ಹೆಚ್ಚಂದರ ಮೂರು.”

ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಮಾಸ್ತರಿಕೆಯವರ ಒಂದು ಚಟವೆಂದರೆ, ತಪ್ಪು ಮಾಡಿದಾಗ ಅದನ್ನು ಒಪ್ಪಿಕೊಳ್ಳುವ ಬದಲು ಪಾಠಕ್ಕೆ ಶುರು ಹಚ್ಚುತ್ತೇವೆ. ನಾನೂ ಹಾಗೆಯೇ ಮಾಡಿದೆ. “ಹೆಂಗ ಮಾಡ್ತಾರ ಇದನ್ನ, ಹೇಳು ನೋಡೂಣು” ಎಂದೆ. ಅವನ ಮುಖ ಅರಳಿತು. ನಮಗೇಕೆ ಈ ವಿದ್ಯೆ ಎಂದು ನೀವು ಕೇಳಬಹುದು. ಕೇಳಿದ ಮೇಲೆ ನನಗೂ ಅದು ಬಿಟ್ಟಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಅನ್ನ ಮಾಡುವ ಅಕ್ಕಿಯಲ್ಲ, ಅದಕ್ಕೆಂದೇ ಬೆಳೆಯುವ ದಪ್ಪ ಕಾಳಿನ ಅಕ್ಕಿ ಬೇರೆ ಇದೆ. ಕೋಬೆ ಇರುವ ಹ್ಯೋಗೊ ಪ್ರಾಂತದಲ್ಲಿ ಯಾಮಾದಾ ನಿಶಿಕಿ ಎಂಬ ತಳಿ ಪ್ರಸಿದ್ಧ. ಅದಕ್ಕೆ ಆ ಹೆಸರು ಇಟ್ಟದ್ದು 1936ರಲ್ಲಿ. ಕಾಳಿನ ನಡುವೆ ಬೆಳ್ಳಗೆ ಒಂದು ಹೃದಯವಿರುತ್ತದೆ. ಅಲ್ಲಿ ಪಿಷ್ಟ. ಹೊರಗಿನ ಪದರಗಳಲ್ಲಿರುವ ಜಿಡ್ಡು ಮತ್ತು ಪ್ರೋಟೀನು ಪಾನಕ್ಕೆ ಒರಟು ರುಚಿ ಕೊಡುತ್ತವೆಂದು ಅವನ್ನು ಉಜ್ಜಿ ತೆಗೆಯುತ್ತಾರೆ. ಉಜ್ಜಿದ ಮೇಲೆ ಕಾಳು ನೂರಕ್ಕೆ 60 ಅಥವಾ ಅದಕ್ಕಿಂತ ಕಡಿಮೆ ಉಳಿದರೆ ಅದು ಗಿಂಜೋ. 50 ಅಥವಾ ಅದಕ್ಕಿಂತ ಕಡಿಮೆ ಉಳಿದರೆ ದಾಯ್‌ಗಿಂಜೋ. ಬೇರೆ ಆಲ್ಕೋಹಾಲ್ ಬೆರೆಸದೆ ಅಕ್ಕಿ, ಕೋಜಿ, ನೀರುಗಳಿಂದಷ್ಟೇ ಮಾಡಿದ್ದಕ್ಕೆ ಜುನ್ಮಾಯ್ ಎಂದು ಚೀಟಿಯ ಮೇಲೆ ಬರೆದಿರುತ್ತದೆ. ಆರಿಸುವವರು ಮೊದಲು ನೋಡುವುದು ಈ ಮಾತುಗಳನ್ನು.

ಚಹಾ ತಂದಿದ್ದ ತಮ್ಮನ ಹೆಂಡತಿ ಬಾಗಿಲ ಹತ್ತಿರ ನಿಂತು ಕೇಳುತ್ತಿದ್ದಳು. “ಅರ್ಧಾ ಅಕ್ಕಿ ಹಾಳ ಮಾಡ್ತಾರೇನು?” ಎಂದಳು. ಮರದಲ್ಲಿ ಕೇರುವಾಗ ಕೆಳಗೆ ಬಿದ್ದ ಒಂದು ಕಾಳನ್ನೂ ಕಣ್ಣಿಗೊತ್ತಿಕೊಂಡು ಎತ್ತಿಡುವವಳು ಅವಳು. ಆ ಹಿಟ್ಟು ದನದ ಮೇವಿಗೂ, ಅಕ್ಕಿಯ ತಿಂಡಿಗಳಿಗೂ ಹೋಗುತ್ತದೆ ಎಂದು ಅವನು ಹೇಳಿದ ಮೇಲೆಯೇ ಅವಳು ಚಹದ ಕಪ್ಪನ್ನು ಅವನ ಕೈಗೆ ಕೊಟ್ಟದ್ದು.

ಕೋಜಿ ಎಂದರೆ ಬೂಷ್ಟು. ಹೌದು, ಉಪ್ಪಿನಕಾಯಿಯ ಭರಣಿಯಲ್ಲಿ ಕಂಡರೆ ನಾವು ಅಯ್ಯೋ ಎನ್ನುವ ಬೂಷ್ಟಿನ ಬಳಗದ್ದೇ. ಬೆಂದ ಅಕ್ಕಿಯ ಮೇಲೆ ಅದನ್ನು ಬೆಳೆಸುತ್ತಾರೆ. ಅದು ಪಿಷ್ಟವನ್ನು ಸಕ್ಕರೆ ಮಾಡುತ್ತದೆ. ಅದೇ ಪಾತ್ರೆಯಲ್ಲಿ, ಅದೇ ಹೊತ್ತಿನಲ್ಲಿ, ಯೀಸ್ಟು ಆ ಸಕ್ಕರೆಯನ್ನು ಮದ್ಯ ಮಾಡುತ್ತದೆ. ಈ ವಿದ್ಯೆಯನ್ನು 2024ರ ಡಿಸೆಂಬರಿನಲ್ಲಿ ಯುನೆಸ್ಕೊದವರು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿದರು. ಅದೇ ಕೋಜಿಯಿಂದ ಅಮಾಝಾಕೆ ಎಂಬ ಸಿಹಿ ಪೇಯವನ್ನೂ ಮಾಡುತ್ತಾರಂತೆ. ಅಮಲಿಲ್ಲ, ಮಕ್ಕಳಿಗೂ ಕೊಡುತ್ತಾರೆ, ಹೆಚ್ಚು ಕಡಿಮೆ ನಮ್ಮ ಅಂಬಲಿಯ ಅಕ್ಕ ಅನ್ನಿ. ಅದನ್ನೇ ತರಬಾರದಾಗಿತ್ತೇ ಎಂದು ಮನಸ್ಸಿನಲ್ಲಿ ಅಂದುಕೊಂಡೆ.

ನೀರಿನ ಕಥೆ ನನಗೆ ಎಲ್ಲಕ್ಕಿಂತ ಹಿಡಿಸಿತು. ನಮ್ಮ ಊರಿನ ಹೆಸರಿನಲ್ಲೇ ಬಾವಿ ಇದೆಯಲ್ಲ. ಕೋಬೆಯ ಮಗ್ಗುಲಲ್ಲಿ ನಾದಾ ಎಂಬ ಸೀಮೆ, ಸಕೆಗೆ ದೊಡ್ಡ ಹೆಸರು. ಅಲ್ಲಿಯ ನಿಶಿನೋಮಿಯಾ ಊರಿನ ಬಾವಿಗಳ ನೀರಿನಿಂದಲೇ ಪಾನ ಚೆನ್ನಾಗಿ ಬರುತ್ತದೆಂದು 1840ರಲ್ಲಿ ಒಬ್ಬ ತಯಾರಕ ಕಂಡುಕೊಂಡನಂತೆ. ಆ ನೀರಿಗೆ ಮಿಯಾಮಿಝು ಎಂದು ಹೆಸರು. ಗಡಸು ನೀರು, ಆದರೆ ಕಬ್ಬಿಣದ ಅಂಶ ಇಲ್ಲವೆನ್ನುವಷ್ಟು ಕಡಿಮೆ. ಕಬ್ಬಿಣ ಇದ್ದರೆ ಬಣ್ಣ, ರುಚಿ ಎರಡೂ ಕೆಡುತ್ತವೆ. ಕ್ಯೋಟೊ ಹತ್ತಿರದ ಫುಶಿಮಿಯಲ್ಲಿ ಮೆದು ನೀರು, ಅಲ್ಲಿಯದು ನಯವಾದ ಪಾನ. ನಾದಾದ್ದನ್ನು ಗಂಡು ಸಕೆ, ಫುಶಿಮಿಯದನ್ನು ಹೆಣ್ಣು ಸಕೆ ಎಂದು ಕರೆಯುತ್ತಾರೆ. ಗಡಸಾದದ್ದು ಗಂಡು, ಮೆದುವಾದದ್ದು ಹೆಣ್ಣು! ಯಾವ ದೇಶಕ್ಕೆ ಹೋದರೂ ಈ ಲೆಕ್ಕ ಮಾತ್ರ ಬದಲಾಗುವುದಿಲ್ಲ ನೋಡಿ. ಹಾಗೆಂದು ಆ ತಯಾರಿಕೆಯ ಮನೆಯೊಳಗೆ ಹೆಣ್ಣಿಗೆ ಶತಮಾನಗಳ ಕಾಲ ಪ್ರವೇಶವೇ ಇರಲಿಲ್ಲ. ಬಹಳ ಹಿಂದಿನ ಕಾಲದಲ್ಲಿ ಅಕ್ಕಿ ಅಗಿದು ಹುಳಿಬರಿಸಿ ಪಾನ ಮಾಡುತ್ತಿದ್ದ ಕೆಲಸದಲ್ಲಿ ಹೆಂಗಸರೇ ಇದ್ದರಂತೆ. ಆಮೇಲೆ ಅದು ಗಂಡಸರ ಉದ್ಯೋಗವಾಯಿತು, ಹೆಣ್ಣು ಕಾಲಿಟ್ಟರೆ ಕೆಡುತ್ತದೆ ಎಂಬ ಮಾತು ಹುಟ್ಟಿತು. ಈಗೀಗ ತೋಜಿ, ಅಂದರೆ ಮುಖ್ಯ ತಯಾರಕಿಯಾಗಿ ಹೆಂಗಸರೂ ಬಂದಿದ್ದಾರೆ.

“ಹೆಂಗ ಕುಡೀತಾರ, ತೋರಸು” ಎಂದೆ. ಅವನು ಗಾಬರಿಯಾಗಿ ಬಾಗಿಲ ಕಡೆ ನೋಡಿದ. “ಈ ಮನ್ಯಾಗ ಅದನ್ನ ತೆರೀಬ್ಯಾಡ. ನೀರ ಹಾಕಿ ತೋರಸು.” ಸಕೆಯ ನಡುನಡುವೆ ನೀರು ಕುಡಿಯುವುದು ಅಲ್ಲಿಯೂ ರೂಢಿ, ಅದಕ್ಕೆ ‘ಮೆತ್ತಗೆ ಮಾಡುವ ನೀರು’ ಎಂಬ ಅರ್ಥದ ಹೆಸರೇ ಇದೆ ಎಂದು ಹೇಳಿ ಅವನು ಸಮಾಧಾನಪಟ್ಟುಕೊಂಡ. ತಂಬಿಗೆಯಿಂದ ಗಿಂಡಿಗೆ ನೀರು ತುಂಬಿದ.

ಸುವಾಸನೆಯ ಗಿಂಜೋ ಆದರೆ ತಂಪಾಗಿ ಕೊಡಬೇಕು, ಬಿಸಿ ಮಾಡಿದರೆ ಆ ಹೂವಿನ ವಾಸನೆ ಹೋಗುತ್ತದೆ. ಬರೀ ಅಕ್ಕಿಯ ಗಟ್ಟಿ ರುಚಿಯ ಜುನ್ಮಾಯ್ ಆದರೆ ಬೆಚ್ಚಗೆ ಕೊಟ್ಟರೂ ನಡೆದೀತು. ಒಲೆಯ ಮೇಲಿಟ್ಟು ಕುದಿಸಬಾರದು. ಗಿಂಡಿಯನ್ನು ಬಿಸಿನೀರಿನ ಪಾತ್ರೆಯಲ್ಲಿ ನಿಲ್ಲಿಸಬೇಕು. ಒಂದೊಂದು ಬಿಸಿಗೂ ಒಂದೊಂದು ಹೆಸರು. 5 ಡಿಗ್ರಿಗೆ ಹಿಮದ ತಂಪು. 10ಕ್ಕೆ ಹೂವಿನ ತಂಪು. 30ಕ್ಕೆ ಬಿಸಿಲಿನ ಬೆಚ್ಚಗೆ. 35ಕ್ಕೆ ಮನುಷ್ಯರ ಮೈಯ ಬೆಚ್ಚಗೆ. ಕೇಳುತ್ತ ಕೇಳುತ್ತ ನನಗೆ ಹೊಟ್ಟೆಕಿಚ್ಚಾಯಿತು. ನಮ್ಮಲ್ಲಿ ಕುಡಿತಕ್ಕೆ ಇರುವ ಹೆಸರುಗಳನ್ನು ಮಕ್ಕಳ ಮುಂದೆ ಆಡುವಂತಿಲ್ಲ.

“ತನ್ನ ಬಟ್ಟಲಿಗೆ ತಾನಽ ಹಾಕ್ಕೋಬಾರದ್ರಿ ಅಕ್ಕೋರ. ನಾ ನಿಮಗ ಹಾಕಬೇಕು, ನೀವು ನನಗ.” ಎರಡೂ ಕೈಯಿಂದ ಗಿಂಡಿ ಹಿಡಿದು ನನ್ನ ಬಟ್ಟಲಿಗೆ ಸುರಿದ. ನಾನೂ ಎರಡೂ ಕೈಯಿಂದ ಬಟ್ಟಲು ಹಿಡಿದುಕೊಂಡಿರಬೇಕು. ಎದುರಿನವರ ಬಟ್ಟಲು ಬರಿದಾಯಿತೇ ಎಂದು ಗಮನವಿಟ್ಟು ನೋಡುತ್ತಿರಬೇಕು. ಬೇಡವಾದರೆ ಬಾಯಿಬಿಟ್ಟು ಹೇಳಬೇಕಾಗಿಲ್ಲ, ಬಟ್ಟಲನ್ನು ತುಂಬಿದ ಹಾಗೆಯೇ ಬಿಟ್ಟರಾಯಿತು. ನಮ್ಮ ಪಂಕ್ತಿಯಲ್ಲಿ ಎಲೆಯ ಮೇಲೆ ಅಂಗೈ ಅಡ್ಡ ಹಿಡಿಯುತ್ತೇವಲ್ಲ, ಹಾಗೆ. ನಮ್ಮಲ್ಲೂ ಊಟಕ್ಕೆ ಕೂತವರು ತಾವೇ ಎದ್ದು ಬಡಿಸಿಕೊಳ್ಳುವುದಿಲ್ಲ. ಬಡಿಸುವವರು ಎಲೆಯ ಮುಂದೆ ಬಗ್ಗಿ ‘ಸಾಕೇ?’ ಎಂದು ಕೇಳುತ್ತಾರೆ. ಆ ಹುಡುಗನ ಬಾಯಲ್ಲಿ ಬಂದ ಶಬ್ದ ನನ್ನ ಕಿವಿಯಲ್ಲಿ ಮತ್ತೊಮ್ಮೆ ಆಡಿತು.

“ಈ ಗಿಂಡ್ಯಾಗ ಎಷ್ಟ ಹಿಡೀತೈತಿ?” ಎಂದು ಸುಮ್ಮನೆ ಕೇಳಿದೆ.

“ಒಂದು ಗೊ ಅಂತಾರ್ರಿ. ಅವರ ಹಳೇ ಅಳತಿ. ನೂರಾ ಎಂಬತ್ತು ಮಿಲಿ.”

“ಕ್ವಾರ್ಟರ್” ಎಂದಳು, ಬಾಗಿಲಲ್ಲಿ ನಿಂತ ನನ್ನ ತಮ್ಮನ ಹೆಂಡತಿ.

ಆ ಒಂದು ಶಬ್ದಕ್ಕೆ ಮನೆ ನಿಶ್ಶಬ್ದವಾಯಿತು. ನೂರಾ ಎಂಬತ್ತು ಮಿಲಿ ಎಂದರೆ ಎಷ್ಟು ಎಂಬುದನ್ನು ಅವಳಿಗೆ ಯಾವ ಜಪಾನದವರೂ ಕಲಿಸಬೇಕಾಗಿರಲಿಲ್ಲ. ಅಲ್ಲಿ ಇಬ್ಬರು ಒಂದು ಸಂಜೆಯೆಲ್ಲ ಮಾತಾಡುತ್ತ ಕೂಡ್ರುವ ಅಳತೆ. ಅದರಲ್ಲಿ ಮದ್ಯಸಾರ ನೂರಕ್ಕೆ 15, 16. ಇಲ್ಲಿ ನನ್ನ ತಮ್ಮ ಅಂಗಡಿಯ ಕಟ್ಟೆಯ ಹತ್ತಿರ ನಿಂತು, ಮೂರು ಗುಟುಕಿಗೆ, ಯಾರೂ ನೋಡದಿರಲೆಂದು ಗೋಡೆಯ ಕಡೆ ಮುಖ ಮಾಡಿ ಮುಗಿಸುತ್ತಿದ್ದ ಅಳತೆಯೂ ಅದೇ. ಅದರ ಚೀಟಿಯ ಮೇಲೆ 42.8 ಎಂದು ಅಚ್ಚಾಗಿರುತ್ತದೆ. ನಮ್ಮ ಸುತ್ತಲಿನ ಹೊಲಗಳಲ್ಲಿ ಬೆಳೆಯುವ ಕಬ್ಬಿನದೇ ಕಾಕಂಬಿ ಅದರ ತಾಯಿ. ಕಬ್ಬಿಗೆ ನೀರು ಹಾಯಿಸಿದವನೂ ಅವನೇ, ಕೊನೆಗೆ ಬಾಟಲಿ ಬರಿದು ಮಾಡಿದವನೂ ಅವನೇ. ಅವನಿಗೆ ಎರಡು ಕೈಯಿಂದ ಸುರಿದವರು ಯಾರೂ ಇರಲಿಲ್ಲ, ‘ಸಾಕೇ’ ಎಂದು ಕೇಳುವವರೂ ಇರಲಿಲ್ಲ.

ಹೀಗೆಂದು ನಾನು ಎಷ್ಟೋ ವರ್ಷ ನಂಬಿಕೊಂಡಿದ್ದೆ. ಆದರೆ ಅಂದು ಗಿಂಡಿ ನನ್ನ ಕೈಗೆ ಬಂತು. ಈಗ ನಾನು ಹುಡುಗನ ಬಟ್ಟಲಿಗೆ ಸುರಿಯಬೇಕು. ಬರೀ ನೀರು. ಆದರೂ ಕೈ ನಡುಗಿತು.

ಯಾಕೆಂದು ಹೇಳಿಬಿಡುತ್ತೇನೆ. ನಮ್ಮ ರಾಜ್ಯದಲ್ಲಿ 2007ರ ಜುಲೈ 1ರಿಂದ ಸಾರಾಯಿ ಬಂದ್ ಆಯಿತು. ಪಾಕೀಟುಗಳು ಹೋದವು. ಆ ದಿನ ನಾವು ಅತ್ತಿಗೆ ನಾದಿನಿ ಇಬ್ಬರೂ ಹೋಳಿಗೆ ಮಾಡಿದ್ದೆವು. ಎರಡೇ ವಾರದಲ್ಲಿ ತಮ್ಮ ಸಾರಾಯಿಗಿಂತ ತುಟ್ಟಿಯಾದದ್ದಕ್ಕೆ ಹೊರಳಿದ. ದುಡ್ಡು ಸಾಲದೆ ಬಂದಾಗ ಬೀದಿಯಲ್ಲಿ ನಿಂತು ಕೂಗಾಡುತ್ತಿದ್ದ. ನಮ್ಮ ಮನೆಯ ಮುಂದಿನ ದಾರಿಯಲ್ಲೇ ನನ್ನ ಶಾಲೆಯ ಮಕ್ಕಳು, ಅವರ ತಂದೆತಾಯಂದಿರು ಹಾಯ್ದು ಹೋಗುತ್ತಾರೆ. ಅಕ್ಕೋರ ಮನೆಯ ಮುಂದೆ ಇದೇನು ಎಂದು ಅವರು ನೋಡಬಾರದೆಂದು ನಾನು ಸಂಜೆ ಐದೂವರೆಗೆ, ಅವನು ಬಾಯಿ ತೆರೆಯುವ ಮೊದಲೇ, ಪರ್ಸಿನಿಂದ ದುಡ್ಡು ತೆಗೆದು ಕೈಗಿಡುತ್ತಿದ್ದೆ. ಮೊದಲು ಇಪ್ಪತ್ತು ರೂಪಾಯಿ. ಆಮೇಲೆ ಮೂವತ್ತು. ಕೊನೆಯ ವರ್ಷ ಐವತ್ತು. ಪಗಾರ ಆದ ದಿನ ತಿಂಗಳದ್ದನ್ನು ಬಿಡಿ ನೋಟು ಮಾಡಿಸಿ ಕಪಾಟಿನಲ್ಲಿ ಬೇರೆ ಇಡುತ್ತಿದ್ದೆ. ಅವನ ಹೆಂಡತಿಗೆ ಇದು ಗೊತ್ತಿರಲಿಲ್ಲ, ಅಥವಾ ಗೊತ್ತಿಲ್ಲದಂತೆ ಇದ್ದಳು.

ನನ್ನ ತಮ್ಮ ತಾನೇ ಸುರಿದುಕೊಳ್ಳುತ್ತಿರಲಿಲ್ಲ. ನಾನು ಸುರಿಯುತ್ತಿದ್ದೆ.

ಹುಡುಗನಿಗೆ ಇದನ್ನು ಹೇಳಲಿಲ್ಲ. ಬಟ್ಟಲು ತುಂಬಿಸಿದೆ. ಅವನು ಕಾನ್‌ಪಾಯ್ ಎಂದು ಏನೋ ಹೇಳಿ ಎತ್ತಿ ಕುಡಿದ. ನಾನೂ ಕುಡಿದೆ. ಬಾವಿಯ ನೀರು ಆ ಬಟ್ಟಲಿನಲ್ಲಿ ಬೇರೆ ಥರ ರುಚಿಸಿತು ಎಂದರೆ ನೀವು ನಂಬಲಿಕ್ಕಿಲ್ಲ.

ಅವನು ಹೋದ ಮೇಲೆ ಬಹಳ ಹೊತ್ತು ಯೋಚಿಸಿದೆ. ದೋಷ ಪದಾರ್ಥದಲ್ಲಿಲ್ಲ, ರೀತಿಯಲ್ಲಿದೆ ಎಂದು ಹೇಳಿಬಿಡುವ ಆಸೆ ನನಗಾಯಿತು. ಬಟ್ಟಲು ಸಣ್ಣದು ಮಾಡಿ, ಎದುರಿಗೆ ಒಬ್ಬರನ್ನು ಕೂಡ್ರಿಸಿ, ಹೂವಿನ ತಂಪು ಬಿಸಿಲಿನ ಬೆಚ್ಚಗೆ ಎಂದು ಹೆಸರಿಟ್ಟರೆ ಕುಡಿತವೂ ಒಂದು ಸಂಸ್ಕಾರವಾದೀತಲ್ಲ? ಪಾತ್ರೆ ತೊಳೆಯುತ್ತಿದ್ದ ತಮ್ಮನ ಹೆಂಡತಿಗೆ ಈ ಮಾತು ಹೇಳಿದೆ. ಅವಳು ತಲೆ ಎತ್ತಲಿಲ್ಲ.

“ಬಟ್ಟಲಾ ಸಣ್ಣದಿದ್ದರ ಅಂವ ಇಪ್ಪತ್ತ ಬಟ್ಟಲಾ ಕುಡೀತಿದ್ದ. ಹಾಕಿ ಕೊಡಾಕ ಮುಂದ ನನ್ನ ಕೂಡ್ರಸ್ತಿದ್ದ.”

ಏಳನೆಯ ಇಯತ್ತೆಗೆ ಶಾಲೆ ಬಿಟ್ಟವಳ ಈ ಮಾತಿಗೆ ಬಿ.ಎ., ಬಿ.ಇಡಿ. ಮಾಡಿದ ನನ್ನ ಹತ್ತಿರ ಉತ್ತರವಿರಲಿಲ್ಲ. ಆಮೇಲೆ ಹುಡುಗನನ್ನು ಫೋನಿನಲ್ಲಿ ಕೇಳಿದೆ. ಅವನೂ ಒಪ್ಪಿಕೊಂಡ. ಆ ದೇಶದಲ್ಲೂ ಕಚೇರಿಯ ಊಟಗಳಲ್ಲಿ ಮೇಲಧಿಕಾರಿಗಳ ಬಟ್ಟಲು ತುಂಬಿಸುವುದು ಹೆಂಗಸರ ಕೆಲಸವೆಂದು ಬಹಳ ಕಾಲ ನಡೆದುಬಂದಿತ್ತು. ಈಗಿನ ಹುಡುಗಿಯರು ಅದನ್ನು ಪ್ರಶ್ನಿಸುತ್ತಿದ್ದಾರೆ. ಕೊನೆಯ ರೈಲು ತಪ್ಪಿಸಿಕೊಂಡು, ಕೋಟು ಟಾಯ್ ಸಮೇತ ಸ್ಟೇಶನ್ನಿನ ಬೆಂಚಿನ ಮೇಲೆ ಮಲಗಿದವರನ್ನು ಅವನು ಎಷ್ಟೋ ಸಲ ನೋಡಿದ್ದಾನೆ. ಎರಡೂ ಕೈಯಿಂದ ಸುರಿದರೂ ಹೆಚ್ಚು ಸುರಿಯಬಹುದು. ಮರ್ಯಾದೆಗಾಗಿ ಬೇಡವೆನ್ನಲಾರದವನಿಗೆ ಆ ಮರ್ಯಾದೆಯೇ ಶತ್ರು.

ಸರಕಾರಗಳ ಮಾತು ಕೇಳುವುದೇ ಬೇಡ. ಜಪಾನಿನ ಎಳೆಯರು ಕುಡಿಯುವುದು ಕಡಿಮೆಯಾಗಿ ತೆರಿಗೆ ಇಳಿಯಿತೆಂದು 2022ರಲ್ಲಿ ಅಲ್ಲಿಯ ತೆರಿಗೆ ಇಲಾಖೆಯೇ, ಅವರು ಹೆಚ್ಚು ಕುಡಿಯುವಂತೆ ಮಾಡಲು ಉಪಾಯ ಕೊಡಿ ಎಂದು ಸ್ಪರ್ಧೆ ಇಟ್ಟಿತ್ತು! ಓದಿ ನಗು ಬಂತು. ಆಮೇಲೆ ನಮ್ಮ ಅಬಕಾರಿ ನೆನಪಾಗಿ ನಗು ನಿಂತಿತು. 2023ರ ಜನವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯವರು, ಆರೋಗ್ಯಕ್ಕೆ ನಿರಪಾಯವಾದ ಮದ್ಯದ ಪ್ರಮಾಣ ಎಂಬುದು ಇಲ್ಲ, ಅಪಾಯ ಮೊದಲ ಹನಿಯಿಂದಲೇ ಎಂದು ಹೇಳಿದರು. ಆ ಮಾತು ಹೂವಿನ ತಂಪಿಗೂ ಸಲ್ಲುತ್ತದೆ.

ಹಾಗಾದರೆ ನಾನು ಆ ಹುಡುಗನನ್ನು ಕೇಳಿದ ಪ್ರಶ್ನೆ ಸರಿಯೇ? ಇಲ್ಲಿಯೇ ನನ್ನ ಮನಸ್ಸು ಸಿಕ್ಕಿಕೊಂಡಿದೆ. 1930ರಲ್ಲಿ ಗಾಂಧೀಜಿಯವರು ಹೆಂಡದಂಗಡಿಗಳ ಮುಂದೆ ಪಿಕೆಟಿಂಗ್ ಮಾಡುವ ಕೆಲಸವನ್ನು ಹೆಂಗಸರಿಗೇ ಒಪ್ಪಿಸಿದರು. ಯಾಕೆಂದರೆ ಕುಡಿತದ ಬೆಲೆ ತೆರುವವರು ಅವರೇ. ನೆಲ್ಲೂರು ಜಿಲ್ಲೆಯ ದುಬಗುಂಟದಲ್ಲಿ ಅಕ್ಷರ ಕಲಿಯಲು ಸೇರಿದ ಹೆಂಗಸರು 1992ರಲ್ಲಿ ಸಾರಾಯಿ ಅಂಗಡಿ ಮುಚ್ಚಿಸಿದಾಗ, ಆಗಷ್ಟೇ ಓದು ಮುಗಿಸಿ ಮಾಸ್ತರಿಕೆಯ ಕನಸು ಕಾಣುತ್ತಿದ್ದ ನನಗೆ ಅಕ್ಷರದ ಮೇಲೆ ಬಂದ ನಂಬಿಕೆ ಇನ್ನೂ ಹೋಗಿಲ್ಲ. ಶಾಲೆಯ ದಾರಿಯಲ್ಲಿ ಅಂಗಡಿ ಬಂದರೆ ಇವತ್ತೂ ಹೋಗಿ ಮುಂದೆ ನಿಲ್ಲುತ್ತೇನೆ, ಅದರಲ್ಲಿ ನನಗೆ ಸಂಶಯವಿಲ್ಲ. ಆದರೆ ದೂರದ ಊರಿನಲ್ಲಿ, ತನ್ನ ಮನೆಯಲ್ಲಿ, ಹೆಂಡತಿಯ ಎದುರು ಕೂತು ಎರಡು ಬಟ್ಟಲು ಕುಡಿದು, ಮೂರನೆಯದನ್ನು ತುಂಬಿದಂತೆ ಬಿಟ್ಟೇಳಬಲ್ಲ ಹುಡುಗನನ್ನು ನನ್ನ ತಮ್ಮನ ಸಾಲಿನಲ್ಲಿ ನಿಲ್ಲಿಸುವ ಹಕ್ಕು ನನಗೆ ಯಾರು ಕೊಟ್ಟರು? ನನ್ನ ಮನೆಯ ಗಾಯ ಇನ್ನೊಬ್ಬರ ಮನೆಗೆ ಕಾನೂನಾಗಬಹುದೇ?

ಬಸವಣ್ಣನವರ ಕಾಲದ ಶರಣರಲ್ಲಿ ಹೆಂಡದ ಮಾರಯ್ಯ ಎಂಬವರಿದ್ದರು. ಧರ್ಮೇಶ್ವರಲಿಂಗ ಎಂಬ ಅಂಕಿತದ ಅವರ ವಚನಗಳಲ್ಲಿ ಹೆಂಡದಂಗಡಿಯ ಮಾತುಗಳೇ ಅನುಭಾವದ ಮಾತುಗಳಾಗಿವೆ. ಹೆಂಡ ಮಾರುವವನೂ ಶರಣನಾದ ಎಂದು ವರ್ಗದಲ್ಲಿ ಎಷ್ಟೋ ಸಲ ಹೆಮ್ಮೆಯಿಂದ ಹೇಳಿದ್ದೇನೆ. ಒಬ್ಬ ಹುಡುಗಿ ಒಮ್ಮೆ ಎದ್ದು ನಿಂತು, “ಅವರ ಹತ್ತರ ಕುಡದ ಹೋದವರ ಮನ್ಯಾಗ ಏನಾತ್ರಿ ಅಕ್ಕೋರ?” ಎಂದು ಕೇಳಿದಳು. ಅವಳ ಮನೆಯ ಸಂಗತಿ ನನಗೆ ಗೊತ್ತಿತ್ತು. ಗಂಟೆ ಹೊಡೆಯಿತು, ನಾನು ಬದುಕಿದೆ.

ನನ್ನ ತಮ್ಮ ಮೊದಲನೆಯ ಸಲ ಕುಡಿದದ್ದು ಯಾರದೋ ಮದುವೆಯ ಮೆರವಣಿಗೆಯ ರಾತ್ರಿ. ಗೆಳೆಯರು ಪ್ರೀತಿಯಿಂದ ಹಾಕಿಕೊಟ್ಟದ್ದು, ಒಂದೇ ಲೋಟ. ಆ ಗೆಳೆಯರಲ್ಲಿ ಇಬ್ಬರು ಇವತ್ತಿಗೂ ಹಬ್ಬಕ್ಕೊಮ್ಮೆ ಕುಡಿದು ಸುಖವಾಗಿದ್ದಾರೆ, ಹೊಲ ಮನೆ ಮಾಡಿಕೊಂಡಿದ್ದಾರೆ. ಅದೇ ಲೋಟ, ಅದೇ ರಾತ್ರಿ. ಸಾಕೆನ್ನುವ ಮಾತು ಅವರಿಗೆ ಉಳಿಯಿತು, ಇವನಿಗೆ ಕಳೆದುಹೋಯಿತು. ಯಾರಿಗೆ ಉಳಿಯುತ್ತದೆ, ಯಾರಿಗೆ ಹೋಗುತ್ತದೆ ಎಂದು ಆ ರಾತ್ರಿ ಯಾರಿಗೂ ತಿಳಿದಿರಲಿಲ್ಲ, ಕುಡಿದವನಿಗೂ. ಹೀಗಿರುವಾಗ ಕುಡಿಯುವವನಿಗಿಂತ ಸುರಿಯುವವರ ಕೈಯ ಮೇಲೆ ಭಾರ ಹೆಚ್ಚು ಎಂದು ನನಗೆ ಅನ್ನಿಸುತ್ತದೆ. ಜಪಾನದವರು ತನಗೆ ತಾನು ಸುರಿದುಕೊಳ್ಳಬಾರದೆಂದು ನಿಯಮ ಮಾಡಿ ಆ ಭಾರವನ್ನು ಎದುರಿನವರ ಕೈಗೆ ಕೊಟ್ಟಿದ್ದಾರೆ. ಅವರು ಅದನ್ನು ಅರಿತು ಕೊಟ್ಟರೋ ಇಲ್ಲವೋ. ನಾನಂತೂ ಐದೂವರೆಯ ಹೊತ್ತಿಗೆ ಪರ್ಸು ತೆಗೆಯುವಾಗ ಅರಿತಿರಲಿಲ್ಲ. ಸುರಿಯುವವರು ಎದುರಿನವರ ಮುಖ ನೋಡಬೇಕು; ನಾನು ಬೀದಿಯಲ್ಲಿ ಹೋಗುವವರ ಮುಖ ನೋಡುತ್ತಿದ್ದೆ.

ಬಾಟಲಿ ಎಲ್ಲಿದೆ ಎಂದು ಕೇಳುತ್ತೀರಿ. ಹೊಳ್ಳಿ ಒಯ್ಯಿ ಎಂದೆ. ಗುರುವಿಗೆ ಕೊಟ್ಟದ್ದನ್ನು ಹೊಳ್ಳಿ ಒಯ್ಯಬಾರದೆಂದು ನೀವೇ ಕಲಿಸಿದ್ದಿರಿ ಎಂದು ಅವನು ನನ್ನ ಪಾಠವನ್ನು ನನಗೇ ಒಪ್ಪಿಸಿ ಹೋದ. ಹೋಗುವಾಗ, ಇದು ವರ್ಷಗಟ್ಟಲೆ ಇಟ್ಟರೆ ಒಳ್ಳೆಯದಾಗುವ ಪದಾರ್ಥವಲ್ಲ, ಬಿಸಿಲು ಬೆಳಕು ತಾಗಬಾರದು, ತಂಪಿನಲ್ಲಿ ಇಡಬೇಕು, ಒಂದು ವರ್ಷದೊಳಗೆ ಮುಗಿಸಬೇಕು, ಬಾಯಿ ತೆರೆದ ಮೇಲೆ ಕೆಲವೇ ದಿನ ಎಂದು ಎಚ್ಚರಿಕೆ ಹೇಳಿದ. ವರ್ತಮಾನಪತ್ರಿಕೆ ಸುತ್ತಿ ಕಪಾಟಿನಲ್ಲಿ ಹಳೆಯ ಪಠ್ಯಪುಸ್ತಕಗಳ ಹಿಂದೆ ಇಟ್ಟೆ. ಮುಂಚೆ ಬಿಡಿ ನೋಟುಗಳನ್ನು ಇಡುತ್ತಿದ್ದ ಜಾಗ ಅದೇ ಎಂಬುದು ಇಟ್ಟ ಮೇಲೆ ನೆನಪಾಯಿತು. ಚೆಲ್ಲಬಹುದಿತ್ತು. ಎರಡು ಸಲ ಮೋರಿಯ ಹತ್ತಿರ ಒಯ್ದೂ ಇದ್ದೆ. ಒಬ್ಬ ಹುಡುಗ ಅಷ್ಟು ದೂರದಿಂದ ಎದೆಗವಚಿಕೊಂಡು ತಂದದ್ದು, ಅಕ್ಕಿಯ ಹೃದಯ, ಬಾವಿಯ ನೀರು ಎಂದೆಲ್ಲ ಕೇಳಿಬಿಟ್ಟಿದ್ದೇನಲ್ಲ, ಕೈ ಬರಲಿಲ್ಲ.

ಮೊನ್ನೆ ಅವನು ಫೋನ್ ಮಾಡಿದ್ದ. ಭಾರತ ಹುಣ್ಣಿವೆಗೆ ಚಿಂಚಲಿ ಮಾಯಕ್ಕನ ಜಾತ್ರೆಗೆ ಬರುತ್ತಾನಂತೆ, ಮಗಳ ಜಾವಳ ತೆಗೆಸುವುದಿದೆ. ಹೆಂಡತಿ ಮಗಳ ಸಮೇತ ನಮ್ಮ ಮನೆಗೆ ಊಟಕ್ಕೆ ಬರಲು ಹೇಳಿದೆ. ಒಂಬತ್ತನೆಯ ಇಯತ್ತೆಯ ಆ ನಿಬಂಧದ ಮಾತನ್ನೂ ಎತ್ತಿದೆ. ತಪ್ಪಾಗಿತ್ತಪ್ಪಾ ಎಂದೆ. ಅವನಿಗೆ ನೆನಪೇ ಇಲ್ಲವಂತೆ, ಅಥವಾ ಹಾಗೆ ಹೇಳಿದ.

ಫೋನ್ ಇಟ್ಟ ಮೇಲೆ ತಮ್ಮನ ಹೆಂಡತಿ ಕೇಳಿದಳು. “ಆ ಬಾಟ್ಲಿ ಏನ ಮಾಡ್ತೀರಿ?”

“ನೀ ಏನಂತಿ?”

ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಸ್ವಲ್ಪ ಯೋಚಿಸಿದಳು. “ಹೋಗೂ ಮುಂದ ಅವರ ಹೆಂಡ್ತಿ ಕೈಯಾಗ ಕೊಡ್ರಿ. ಅವರು ಇಬ್ಬರೂ ಕೂಡೇ ಕುಡೀತಾರಂತಲ್ಲ, ಅಕಿಗೂ ತಿಳೀತೈತಿ. ನಾವ ಮಾತ್ರ ಹಾಕಿ ಕೊಡೂದ ಬ್ಯಾಡ.”

ಊಟಕ್ಕೆ ಕೂತಾಗ ಆ ಬಟ್ಟಲುಗಳಲ್ಲಿ ಅವರಿಗೆ ಏನಾದರೂ ಕೊಡೋಣವೆಂದು, ತೊಳೆದಿಡಲು ಗಿಂಡಿ ಕೇಳಿದೆ. ಅವಳು ಒಲೆಯ ಮಗ್ಗುಲಿಂದ ಎತ್ತಿ ತೋರಿಸಿದಳು. ಅದರಲ್ಲಿ ಒಗ್ಗರಣೆಯ ಎಣ್ಣೆ ತುಂಬಿಕೊಂಡಿದ್ದಾಳೆ.

“ಸಣ್ಣಗ ಬೀಳತೈತ್ರಿ ಇದರಾಗಿಂದ” ಎಂದಳು. “ಎಷ್ಟ ಬೇಕೋ ಅಷ್ಟಽ.”